ಉಪ್ಪಿನ ಲಾರಿಯ ಹಗ್ಗ

ಆಗುಂಬೆ ಘಾಟಿಯನ್ನು ಸೈಕಲ್ಲಿನಲ್ಲಿ ಇಳಿಯುವವರು ಹಿಂದೆ ಒಂದು ಸೊಪ್ಪಿನ ಕೊಂಬೆ ಕಟ್ಟಿಕೊಳ್ಳುತ್ತಿದ್ದರು. ಅದು ನೆಲಕ್ಕೆ ಉಜ್ಜಿ ವೇಗ ತಡೆಯುತ್ತಿತ್ತು. ಹತ್ತುವವರಿಗೂ ಒಂದು ಉಪಾಯವಿತ್ತು: ಮೇಲೆ ಹೋಗುವ ಲಾರಿಯ ಹಗ್ಗವನ್ನು ಒಂದು ಕೈಯಲ್ಲಿ ಹಿಡಿದುಕೊಳ್ಳುವುದು. ಪಂದ್ಯದ ದಿನ ಅದು ಕೂಡದೆಂದು ಪೇಪರ್ ಏಜೆಂಟ್ ನಾರಾಯಣಮೂರ್ತಿ ಮೊದಲೇ ಹೇಳಿದ್ದರು.

೧೯೬೧ರ ಮಾತು. ಮಂಗಳೂರಿನ ಪತ್ರಿಕೆಯ ಕಟ್ಟು ಬೆಳಗಿನ ಬಸ್ಸಿಗೆ ಘಾಟಿಯ ಬುಡದ ಸೋಮೇಶ್ವರಕ್ಕೆ ಬರುತ್ತಿತ್ತು. ಅದನ್ನು ಮೇಲಕ್ಕೆ ತಂದು ಮೇಗರವಳ್ಳಿಯವರೆಗೆ ಹಂಚಲು ಒಬ್ಬ ಬೇಕಿತ್ತು. ಒಂದೇ ಬೆಂಚಿನಲ್ಲಿ ಕೂತು ಎಸ್ಸೆಸ್ಸೆಲ್ಸಿ ಫೇಲಾದ ಹೂವಯ್ಯ, ಜಟ್ಟಪ್ಪ ಇಬ್ಬರೂ ಕೇಳಿದರು.

"ಯಾರು ಮೊದಲು ಹತ್ತಿ ಬರ್ತಾರೋ ಅವ್ರಿಗೆ ಕೆಲ್ಸ" ಎಂದು ಏಜೆಂಟರು ಘಾಟಿಯ ತುದಿಯ ಚಾ ಅಂಗಡಿಯಲ್ಲಿ ಕೂತರು.

ಹೂವಯ್ಯನಿಗೆ ಅತ್ತಿಗೆ ಬಡಿಸುವ ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಕೆಲಸ ಬೇಕೇ ಬೇಕಿತ್ತು. ಜಟ್ಟಪ್ಪನಿಗೂ ಬೇಕಿತ್ತು, ಆದರೆ ಅದನ್ನು ಹೂವಯ್ಯ ಅವತ್ತು ಯೋಚಿಸಲಿಲ್ಲ.

ಐದನೆಯ ತಿರುವಿನವರೆಗೆ ಹೂವಯ್ಯನೇ ಮುಂದಿದ್ದ. ಆರನೆಯದರಲ್ಲಿ ತೊಡೆ ಕಲ್ಲಾಯಿತು. ಕೆಳಗಿನ ತಿರುವಿನ ಮರೆಯಿಂದ ಜಟ್ಟಪ್ಪನ ಸೈಕಲ್ ಗಂಟೆ ಹತ್ತಿರ ಹತ್ತಿರ ಬರುತ್ತಿತ್ತು. ಅಷ್ಟರಲ್ಲಿ ಉಪ್ಪಿನ ಲಾರಿಯೊಂದು ಏದುಸಿರು ಬಿಡುತ್ತ ಪಕ್ಕದಲ್ಲಿ ಹಾದುಹೋಯಿತು. ಹಿಂದೆ ಹಗ್ಗದ ತುದಿ ನೇತಾಡುತ್ತಿತ್ತು.

ಹಿಡಿದ. ಹದಿಮೂರನೆಯ ತಿರುವಿನಲ್ಲಿ, ತುದಿಯ ಚಾ ಅಂಗಡಿ ಕಾಣುವ ಮೊದಲೇ, ಬಿಟ್ಟ.

ಹತ್ತು ನಿಮಿಷದ ಮೇಲೆ ಜಟ್ಟಪ್ಪ ಬಂದ. ಎಲ್ಲೂ ಕಾಲೂರದೆ ತುಳಿದು ಬಂದವನು ಅಂಗಡಿಯ ಮುಂದೆ ವಾಂತಿ ಮಾಡಿಕೊಂಡ. ಬಾಯಿ ಒರೆಸಿಕೊಂಡು ಹೂವಯ್ಯನ ಅಂಗೈ ನೋಡಿದ.

"ಹ್ಯಾಂಡಲ್ ಹಿಡ್ದು ಕೈಯೇ ಕಿತ್ತುಹೋಗಿದ್ಯಲ್ಲೋ ಮಾರಾಯ! ಎಂಥ ತುಳಿದ್ಯೋ ನೀನು!"

ತನ್ನ ಟವೆಲ್ಲಿನ ಅಂಚು ಹರಿದು, ಒದ್ದೆ ಮಾಡಿ ಅವನೇ ಕಟ್ಟಿದ. ಉಪ್ಪು ತಾಗಿದ ಗಾಯ ಉರಿಯಿತು. ಆ ಕೈಯಲ್ಲೇ ಹೂವಯ್ಯ ಏಜೆಂಟರಿಗೆ ಮುಗಿದು ಕೆಲಸ ಒಪ್ಪಿಕೊಂಡ.

ಜಟ್ಟಪ್ಪ ಲಿಂಗನಮಕ್ಕಿ ಅಣೆಕಟ್ಟಿಗೆ ಕಲ್ಲು ಹೊರಲು ಹೋದ. ಹೂವಯ್ಯ ದಿನಾ ಪೇಪರು ತಂದ. ದಿನಾ ಆರನೆಯ ತಿರುವಿನಲ್ಲಿ ಇಳಿದು ಸೈಕಲ್ ತಳ್ಳಿದ. ಮೂರು ವರ್ಷದಲ್ಲಿ ಒಮ್ಮೆಯೂ ಅವನಿಂದ ಪೂರಾ ಹತ್ತಲಾಗಲಿಲ್ಲ.

ಅಣೆಕಟ್ಟಿನ ಕೆಲಸ ಮುಗಿದ ವರ್ಷ ಜಟ್ಟಪ್ಪ ಹೆಂಡತಿಯನ್ನು ಕರೆದುಕೊಂಡು ಅದೇ ಚಾ ಅಂಗಡಿಯಲ್ಲಿ ಸಿಕ್ಕ.

"ನೋಡೇ ಹುಲಿಯಮ್ಮ, ಇವನೇ ಹೂವಯ್ಯ. ಘಾಟಿ ಹತ್ತೋದ್ರಲ್ಲಿ ಇವನ್ನ ಮೀರಿಸೋರು ಹುಟ್ಟಿಲ್ಲ."

"ಇವ್ರೇನಾ? ಅಲ್ಲಿ ಕಲ್ಲು ಹೊರೋರಿಗೆಲ್ಲ ನಿಮ್ದೇ ಕಥೆ ಹೇಳೋರು" ಎಂದು ಅವಳು ನಕ್ಕಳು.

ಹೂವಯ್ಯನಿಗೆ ತಡೆಯಲಾಗಲಿಲ್ಲ. "ಜಟ್ಟಪ್ಪ, ಅವತ್ತು ನಾನು ಲಾರಿ ಹಿಡಿದಿದ್ದೆ ಕಣೋ. ಉಪ್ಪಿನ ಲಾರಿ. ಕೈ ಕಿತ್ತಿದ್ದು ಹಗ್ಗಕ್ಕೆ."

ಜಟ್ಟಪ್ಪ ಲೋಟ ಕೆಳಗಿಟ್ಟ. ಬೈಯುತ್ತಾನೆಂದು ಹೂವಯ್ಯ ಕಾದ. ಬೈದರೆ ಹಗುರಾಗುತ್ತಿತ್ತು.

"ನನ್ನ ಕಾಲಲ್ಲಿ ಕಸುವಿಲ್ಲ ಅಂತ ಸೈಕಲ್ ಮಾರಿಬಿಟ್ಟೆನಲ್ಲೋ" ಎಂದ ಜಟ್ಟಪ್ಪ.

ಅಷ್ಟೇ. ತೀರ್ಥಹಳ್ಳಿ ಬಸ್ಸು ಬಂತು. ಹೆಂಡತಿಯನ್ನು ಹತ್ತಿಸಿ ತಾನೂ ಹತ್ತಿದ, ತಿರುಗಿ ನೋಡಲಿಲ್ಲ.

ಮರುದಿನ ಬೆಳಿಗ್ಗೆ ಆರನೆಯ ತಿರುವಿನಲ್ಲಿ ಲಾರಿಯೊಂದು ನಿಧಾನಿಸಿತು. ಕ್ಲೀನರ್ ಹಗ್ಗ ಎಸೆದು ಕೂಗಿದ: "ಹಿಡ್ಕೊಳ್ಳಿ ಹೂವಯ್ಯೋರೇ!"

ಹೂವಯ್ಯ ಬೇಡವೆಂದು ತಲೆಯಾಡಿಸಿದ. ತುಳಿದ. ಏಳನೆಯದನ್ನು ಮುಟ್ಟುವ ಮೊದಲೇ ಇಳಿದು ತಳ್ಳತೊಡಗಿದ.