ಕತ್ತೆ ಏರಿದ ಜನರಲ್

ವೈಕುಂಠ ಸಮಾರಾಧನೆ ಮುಗಿದ ಮರುದಿನ ಬೆಳಿಗ್ಗೆ ನನ್ನನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿದರು. ಆ ಮನೆಗೆ ಮತ್ತೆ ಪೇಪರ್ ಬಂದಿತ್ತು. ಹಾಲು ಉಕ್ಕಿತ್ತು. ಇಂದಿರಾಬಾಯಿ ಮೈಲಿಗೆ ಕಳೆಯಲೆಂದು ಹಿತ್ತಾಳೆ ಸಾಮಾನನ್ನೆಲ್ಲ ಹಿತ್ತಲಲ್ಲಿ ರಾಶಿ ಹಾಕಿದ್ದರು. ತೀರಿಹೋದ ಮಗನ ಮೇಜಿನ ಮೇಲಿದ್ದ ನಾನೂ ಆ ರಾಶಿಗೆ ಸೇರಿದೆ.

ನಾನು ಒಂದು ಪದಕ. ಯಾರ ಎದೆಯ ಮೇಲೂ ತೂಗಿದವನಲ್ಲ. ದಕ್ಷಿಣ ಆಫ್ರಿಕಾದಲ್ಲಿ ಇಂಗ್ಲಿಷರಿಗೂ ಬೋಯರ್ ರೈತರಿಗೂ ಯುದ್ಧ ನಡೆದಾಗ, ಇಂಗ್ಲಿಷರನ್ನು ಅಣಕಿಸಲೆಂದೇ ಯುರೋಪಿನ ಒಬ್ಬ ಎರಕದವನು ನನ್ನನ್ನು ಹುಯ್ದ. ಒಂದು ಮುಖದಲ್ಲಿ ಕತ್ತೆಯ ಮೇಲೆ ಹಿಂದುಮುಂದಾಗಿ ಕೂತು ಓಡುತ್ತಿರುವ ಜನರಲ್. ಇನ್ನೊಂದರಲ್ಲಿ ಅವನು ಬಿಟ್ಟುಹೋದ ತಿಂಡಿ ತಿನ್ನುತ್ತಿರುವ ರೈತ.

ಒಬ್ಬ ಬೋಯರ್ ನನ್ನನ್ನು ಕೋಟಿನ ಅಂಚಿನಲ್ಲಿ ಹೊಲಿದುಕೊಂಡ. ಇಂಗ್ಲಿಷರ ಸೆರೆಯಾಗಿ ಹಡಗು ಹತ್ತಿ, ಬಳ್ಳಾರಿಯ ಯುದ್ಧಕೈದಿಗಳ ಶಿಬಿರಕ್ಕೆ ಬಂದ. ಅಲ್ಲಿ ಕಾವಲಿನ ಇಂಗ್ಲಿಷ್ ಸಿಪಾಯಿಯ ಕೈಗೆ ಸಿಕ್ಕಿಬಿದ್ದೆ. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ಎರಡು ಸೋಪು ಕೊಟ್ಟು ನನ್ನನ್ನು ಇಟ್ಟುಕೊಂಡ. ಅವನಿಂದ ಅದೇ ಊರಿನ ಕೌಲ್‌ಬಜಾರಿನ ಗಡಿಯಾರ ರಿಪೇರಿ ಅಂಗಡಿಗೆ ಬಂದೆ.

ಆ ಅಂಗಡಿಯವರ ಮೊಮ್ಮಗ ಮುನೀರ್ ಸಾಹೇಬರು ಅದೇ ಯುದ್ಧದ ಅಣಕು ಪದಕಗಳನ್ನು ಹುಡುಕಿ ನನಗೆ ಐವರು ಜೊತೆಗಾರರನ್ನು ತಂದರು. ಹಸಿರು ಮಖಮಲ್ಲಿನ ಪೆಟ್ಟಿಗೆ, ಒಬ್ಬೊಬ್ಬರಿಗೆ ಒಂದೊಂದು ಗುಳಿ. ಸುಖವಾಗಿದ್ದೆವು. ಸಾಹೇಬರು ಎರಡು ವಿಷಯಕ್ಕೆ ಮಾತ್ರ ಕಟ್ಟುನಿಟ್ಟು. ಪದಕ ಒಯ್ದವರು ಆ ಗುಳಿಯಲ್ಲಿ ಚೀಟಿ ಬರೆದಿಡಬೇಕು. ಪದಕವನ್ನು ಎಂದೂ ಉಜ್ಜಬಾರದು. ನೂರು ವರ್ಷದ ಕಂದುಬಣ್ಣ ಹೋದರೆ ಸಂಗ್ರಹ ಮಾಡುವವರು ನಮ್ಮನ್ನು ಮೂಸಿಯೂ ನೋಡುವುದಿಲ್ಲ.

ಇಂದಿರಾಬಾಯಿಯ ಮಗ ಪ್ರಹ್ಲಾದ ಕಾಲೇಜಿನಲ್ಲಿ ಇತಿಹಾಸ ಹೇಳುತ್ತಿದ್ದ. ಚೀಟಿ ಬರೆದಿಟ್ಟೇ ನನ್ನನ್ನು ತಂದಿದ್ದ. ಕತ್ತೆಯ ಕಾಲಡಿಯ ಸಣ್ಣ ಅಕ್ಷರಗಳನ್ನು ಓದಬೇಕೆಂದು ಅವನ ಹಟ. ಕೊಳೆ ತುಂಬಿದ್ದರಿಂದ ಆಗಲಿಲ್ಲ. ಎರಡನೆಯ ದಿನ ಸಂಜೆ ಎದೆನೋವು ಬಂತು.

ಆ ಬೆಳಿಗ್ಗೆ ಹಿತ್ತಲಲ್ಲಿ ತಿಕ್ಕಿಟ್ಟ ಹಿತ್ತಾಳೆ ದೀಪಗಳ ನಡುವೆ ಹೊಳೆಯುತ್ತಿದ್ದ ನನ್ನನ್ನು ಅವನ ಹೆಂಡತಿ ವಾರುಣಿ ಕಂಡಳು.

“ಅತ್ತೆ, ಇದನ್ನೂ ತಿಕ್ಕಿದ್ರೇನು?”

“ಕರ್ರಗಾಗಿತ್ತಲ್ಲ. ಯಾಕ, ತಿಕ್ಕಬಾರದಿತ್ತೇನು?”

ವಾರುಣಿ ಅತ್ತೆಯ ಒದ್ದೆ ಕೈಗಳನ್ನು ನೋಡಿದಳು. “ಛಲೋ ಆಗ್ಯದ,” ಎಂದಳು.

ನನ್ನನ್ನು ಕರ್ಚೀಫಿನಲ್ಲಿ ಕಟ್ಟಿಕೊಂಡು ಕೌಲ್‌ಬಜಾರಿಗೆ ಹೋದಳು. ದಾರಿಯುದ್ದಕ್ಕೂ ಅವಳ ಮುಷ್ಟಿ ಬಿಗಿಯಾಗಿತ್ತು.

“ಕುಂದ್ರಮ್ಮಾ. ಇಂಥಾ ಟೈಮಿನಾಗ ಕೇಳಾಕ ಬರಬಾರದು ಅಂತ ಸುಮ್ನಿದ್ದೆ,” ಎಂದರು ಮುನೀರ್ ಸಾಹೇಬರು. ಗಂಟು ಬಿಚ್ಚಿದರು. ಅವರ ಬೆರಳು ನಿಂತುಬಿಟ್ಟಿತು. “ಹುಣಸೆಹಣ್ಣಾ?”

“ಹೌದ್ರಿ. ನಮ್ಮ ಅತ್ತೆ. ಅವರಿಗೆ ಗೊತ್ತಿಲ್ಲ. ಗೊತ್ತಾಗೋದೂ ಬ್ಯಾಡ.”

ಸಾಹೇಬರು ನನ್ನನ್ನು ಅಂಗೈಯಲ್ಲಿ ಹಿಂದೆ ಮುಂದೆ ತಿರುಗಿಸಿದರು. ಆಮೇಲೆ ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡರು. “ಬೋಯರರ ಕೈಗೆ ಸಿಗದೆ ಓಡಿದ ಜನರಲ್ಲು, ಕಡೀಗೆ ನಿಮ್ಮತ್ತಿ ಕೈಗೆ ಸಿಕ್ಕ ನೋಡು!” ನನ್ನನ್ನು ಬೆಳಕಿಗೆ ಓರೆ ಮಾಡಿದರು. “ಅರೆ, ಅಕ್ಷರ ಕಾಣ್ತಾವಲ್ಲ. ಇಂಗ್ಲಿಷು. ನೀನೇ ಓದಮ್ಮ.”

ವಾರುಣಿ ಓದಿದಳು. “‘ನನಗಾಗಿ ತಿಂಡಿಗೆ ಕಾಯಬೇಡಿ’ ಅಂತದ.”

ಅವಳು ನಕ್ಕಳು. ನಗುತ್ತಲೇ ಕಣ್ಣೊರೆಸಿಕೊಂಡಳು.

ಸಾಹೇಬರು ಪೆಟ್ಟಿಗೆ ತೆರೆದರು. ನನ್ನ ಗುಳಿಯಲ್ಲಿ ಚೀಟಿ ಇತ್ತು: ‘ಎರಡೇ ದಿನ. ತಂದುಕೊಡುತ್ತೇನೆ. ಪ್ರಹ್ಲಾದ.’ ಪದಕ ವಾಪಸ್ ಬಂದರೆ ಚೀಟಿ ಹರಿಯುವುದು ಅವರ ರೂಢಿ. ಹರಿಯಲಿಲ್ಲ. ಅವಳ ಮುಂದೆ ಚಾಚಿದರು.

ಐವರು ಕಂದು ಗೆಳೆಯರ ನಡುವೆ ನಾನೊಬ್ಬನೇ ಈಗ ಹೊಸ ಚೊಂಬಿನ ಹಾಗೆ ಹೊಳೆಯುತ್ತೇನೆ. ಇನ್ನು ನನ್ನನ್ನು ಯಾರೂ ಕೇಳುವುದಿಲ್ಲ. ಇಲ್ಲೇ ಇರುತ್ತೇನೆ. ಅದು ನನಗೆ ಒಪ್ಪಿಗೆ.

ನನ್ನನ್ನು ಗುಳಿಯಲ್ಲಿ ಕೂರಿಸಿದ್ದು ವಾರುಣಿಯೇ. ನಾನು ಬಂದ ಕರ್ಚೀಫಿನಲ್ಲಿ ಅವಳು ಚೀಟಿಯನ್ನು ಕಟ್ಟಿಕೊಂಡು ಹೋದಳು.