ಮಳೆಯಿಲ್ಲದೆ ಬಂದ ನೀರು

ರಜೆಯ ದಿನ. ಟೈಲರ್ ತನ್ನ ಅಂಗಡಿಗೆ ಬೀಗ ಜಡಿದು, ಹೆಂಡತಿ, ಪುಟ್ಟ ಮಗಳು ಮತ್ತು ಹೆಂಡತಿಯ ಅಕ್ಕನ ಜೊತೆ ಅಣೆಕಟ್ಟೆಯ ಪಾರ್ಕಿಗೆ ಬಂದಿದ್ದ. ಅತ್ತಿಗೆ ಆಸ್ಪತ್ರೆಯಲ್ಲಿ ನರ್ಸು. ಜೋಕಾಲಿಯ ಮುಂದೆ ಉದ್ದನೆಯ ಸಾಲು, ಮೇಲೆ ಬಿಸಿಲು ಬೇರೆ. ಕಾದು ಕಾದು ಬೇಜಾರಾದ ಮಗಳು, "ಅಪ್ಪಾ, ಕೆಳಗೆ ನೀರಲ್ಲಿ ಆಡೋಣ" ಎಂದು ಹಟ ಹಿಡಿದಳು.

ಅಣೆಕಟ್ಟೆಯ ಕೆಳಗೆ ಹೊಳೆಯ ತುಂಬ ಬರೀ ಬಂಡೆ. ನಡುವೆ ಪಾದ ಮುಳುಗುವಷ್ಟು ನೀರು.

"ಬೇಡ. ಬೋರ್ಡ್ ನೋಡ್ಲಿಲ್ವಾ? ಹೊಳೆಗೆ ಇಳೀಬಾರದು ಅಂತ ಬರೆದಿದೆ," ಎಂದಳು ಅತ್ತಿಗೆ.

"ಅದು ಈಜೋರಿಗೆ ಅತ್ತಿಗೆ. ಈ ನೀರಲ್ಲಿ ಕಪ್ಪೆನೂ ಮುಳುಗಲ್ಲ," ಎಂದು ನಗುತ್ತಾ ಮಗಳ ಕೈ ಹಿಡಿದು ಇಳಿದೇಬಿಟ್ಟ.

ಅಪ್ಪ ಮಗಳು ತಗ್ಗಿನ ಕಲ್ಲೊಂದರ ಮೇಲೆ ಚಪ್ಪಲಿ ಬಿಟ್ಟು, ನಡುಬಂಡೆಯ ಮೇಲೆ ಕೂತು ಕಾಲು ಇಳಿಬಿಟ್ಟರು. ಸ್ವಲ್ಪ ಹೊತ್ತಿಗೆ ಎಲ್ಲೋ ಸೈರನ್ ಕೂಗಿತು. ಕಾರ್ಖಾನೆಯ ಪಾಳಿ ಬಿಟ್ಟಿರಬೇಕು ಎಂದುಕೊಂಡ ಟೈಲರ್. ಆದರೆ ಇವತ್ತು ರಜೆಯಲ್ಲವೇ? ಮೈಕಿನಲ್ಲಿ ಯಾರೋ ಏನೋ ಹೇಳಿದರು. ಗೊರಗೊರ ಸದ್ದು ಬಿಟ್ಟರೆ ಒಂದು ಮಾತೂ ತಿಳಿಯಲಿಲ್ಲ. ಮೇಲೆ ಕಂಬಿಯ ಹತ್ತಿರ ಜನ ನಿಂತು ಕೈ ಬೀಸುತ್ತಿದ್ದರು. ಯಾರಿಗೆ? ಮಗಳು ಖುಷಿಯಿಂದ ತಾನೂ ಬೀಸಿದಳು. ಅವನೂ ಬೀಸಿದ.

ಅಷ್ಟರಲ್ಲಿ ನೀರು ಅವನ ಮೊಣಕಾಲು ಮುಟ್ಟಿತ್ತು, ಅದೂ ಕೆಂಪಗೆ. ತಲೆಯೆತ್ತಿದ. ಆಕಾಶದಲ್ಲಿ ಒಂದು ತುಣುಕು ಮೋಡವಿಲ್ಲ. "ಮಳೆನೇ ಇಲ್ವಲ್ಲ..." ಎಂದು ಗೊಣಗುತ್ತಾ, ಏನೂ ತೋಚದೆ, ತೇಲಿ ಹೊರಟ ಚಪ್ಪಲಿಗೆ ಕೈ ಚಾಚಿದ.

"ಚಪ್ಪಲಿ ಹಾಳಾಗಿ ಹೋಗ್ಲಿ! ಮಗೂನ ಎತ್ಕೊಂಡು ಬನ್ನಿ!" ದಡದಿಂದ ಅತ್ತಿಗೆ ಕಿರುಚಿದಳು.

ಆ ದನಿಗೆ ಅವನಿಗೆ ಮೈಮೇಲೆ ಎಚ್ಚರ ಬಂತು. ಮಗಳನ್ನು ಹೆಗಲಿಗೇರಿಸಿಕೊಂಡು, ಎಡವುತ್ತಾ ಜಾರುತ್ತಾ ಹೇಗೋ ದಡ ಸೇರಿದ. ಹೆಂಡತಿ ಮಗಳನ್ನು ಕಿತ್ತುಕೊಂಡು ಎದೆಗೊತ್ತಿಕೊಂಡಳು. ತಿರುಗಿ ನೋಡಿದರೆ ಅವರು ಕೂತಿದ್ದ ಬಂಡೆಯೇ ಕಾಣಲಿಲ್ಲ.

"ಎಲ್ಲಿಂದ ಬಂತು ಅತ್ತಿಗೆ ಇಷ್ಟು ನೀರು?" ಒದ್ದೆ ಬಟ್ಟೆ ಹಿಂಡುತ್ತಾ ಕೇಳಿದ ಅವನು.

"ಮಳೆ ಇಲ್ಲೇ ಬರಬೇಕಾ? ಮೇಲೆ ದೂರದಲ್ಲಿ ಬಂದಿರುತ್ತೆ. ಡ್ಯಾಮ್ ತುಂಬಿದ್ರೆ ಗೇಟ್ ಎತ್ತುತ್ತಾರೆ. ಎತ್ತೋಕೆ ಮುಂಚೆ ಸೈರನ್ ಹಾಕ್ತಾರೆ. ಹೋದ ವರ್ಷ ಇದೇ ಜಾಗದಿಂದ ಅಣ್ಣ ತಮ್ಮ ಇಬ್ಬರನ್ನ ನಮ್ಮ ಆಸ್ಪತ್ರೆಗೆ ತಂದ್ರು. ತಮ್ಮ ಉಳೀಲಿಲ್ಲ. ಇಬ್ಬರಿಗೂ ಈಜು ಬರ್ತಿತ್ತು."

"ಇದನ್ನ ಮೊದ್ಲೇ ಹೇಳಬಾರ್ದಿತ್ತಾ?"

"ಹೇಳೋಕೆ ಬಿಟ್ರಾ ನೀವು?"

ಅಷ್ಟು ಹೊತ್ತೂ ಕೂಗುತ್ತಿದ್ದ ಸೈರನ್ ನಿಂತಿತು. ಹೊಸದಾಗಿ ಮದುವೆಯಾದಂತಿದ್ದ ಗಂಡ ಹೆಂಡತಿ ಮೆಟ್ಟಿಲಿಳಿದು ಬಂದರು. "ನಿಂತಿತಲ್ಲ, ಇನ್ನು ಇಳೀಬಹುದಾ?" ಎಂದ ಹುಡುಗ. ಟೈಲರ್‌ಗೆ ಮತ್ತೆ ಗೊಂದಲ. ಅತ್ತಿಗೆಯ ಮುಖ ನೋಡಿದ.

"ಸೈರನ್ ನಿಂತ್ರೆ ಗೇಟ್ ಮುಚ್ಚಿದ್ರು ಅಂತ ಅಲ್ಲ. ನೀರು ಇನ್ನೂ ಏರುತ್ತೆ," ಎಂದಳು ಅವಳು.

ಟೈಲರ್ ಮೆಟ್ಟಿಲಿಗೆ ಅಡ್ಡಲಾಗಿ ಎರಡೂ ಕೈ ಚಾಚಿ ನಿಂತ. "ಇಳೀಬೇಡಿ ಸ್ವಾಮಿ. ನನಗೂ ಪೂರ್ತಿ ಅರ್ಥ ಆಗಿಲ್ಲ. ಆದ್ರೆ ಇಳೀಬೇಡಿ."

ಅಣ್ಣಂದಿರೇ, ಅಕ್ಕಂದಿರೇ, ಪಾರ್ಕಿಗೆ ಬನ್ನಿ, ಹುಲ್ಲಿನ ಮೇಲೆ ಮಕ್ಕಳ ಜೊತೆ ಉರುಳಾಡಿ. ಅಣೆಕಟ್ಟೆಯ ಕೆಳಗಿನ ಹೊಳೆ ಒಣಗಿದಂತೆ ಕಂಡರೂ ಇಳಿಯಬೇಡಿ. ಸೈರನ್ ಕೇಳಿದರೆ ಯಾಕೆ, ಏನು ಎಂದು ಯೋಚಿಸುತ್ತಾ ನಿಲ್ಲಬೇಡಿ. ಸಾಮಾನು ಬಿಡಿ, ಮಕ್ಕಳನ್ನು ಎತ್ತಿಕೊಂಡು ಮೇಲೆ ಹತ್ತಿ. ಅರ್ಥ ಮಾಡಿಕೊಳ್ಳುವ ಕೆಲಸ ದಡದ ಮೇಲೆ ನಿಂತೂ ಆಗುತ್ತದೆ.