ಅಜ್ಜನ ಹೊಟ್ಟೆಯಲ್ಲಿದ್ದ ಕೀಲಿ

ಚಿಕ್ಕಪ್ಪ ಅವಳಿಗಿಟ್ಟ ಹೆಸರು ಗಡಿಬಿಡಿ. ಅಮ್ಮ ಆಸ್ಪತ್ರೆಯ ಮೆಟ್ಟಿಲು ಹತ್ತುವಷ್ಟು ಪುರುಸೊತ್ತನ್ನೂ ಕೊಡದೆ ಹುಟ್ಟಿದವಳು. ತಲೆಯಲ್ಲಿ ಒಂದೆರಡು ಬಿಳಿಕೂದಲು ಬಂದರೂ ಕೂತಲ್ಲಿ ಕೂರುವ ಜಾತಿಯಲ್ಲ. ಅಂಥವಳನ್ನು ಮೂಳೆ ಡಾಕ್ಟರ ಹೊರಕೋಣೆಯಲ್ಲಿ, ಅಮ್ಮನ ಮೊಣಕಾಲಿನ ಸರದಿ ಬರುವವರೆಗೆ ಕೂರಿಸಿದರೆ ಏನಾದೀತು? ಕಾಲು ಕುಣಿಸಿದಳು. ಗೋಡೆಯ ಮೇಲಿನ ಅಸ್ಥಿಪಂಜರದ ಪಕ್ಕೆಲುಬು ಎಣಿಸಿದಳು. ಕೊನೆಗೆ ತೊಡೆಯ ಮೇಲೆ ಲ್ಯಾಪ್‌ಟಾಪ್ ತೆರೆದಳು. ಹೇಗೂ ಒಂದು ಕೆಲಸ ಬಾಕಿಯಿತ್ತು: ಇಷ್ಟು ದಿನ ಕ್ಲೌಡಿಗೆ ಕಳಿಸಿದ ಬ್ಯಾಕಪ್ಪನ್ನು ಒಮ್ಮೆ ತೆರೆದು ನೋಡುವುದು. ನಿಜ ಹೇಳಬೇಕೆಂದರೆ ಅದನ್ನು ಎಂದೋ ಮಾಡಬೇಕಿತ್ತು.

ಚಿಕ್ಕಪ್ಪ ಕಣ್ಣು ಮಾಡುವವನು. ಅಪಘಾತದಲ್ಲೋ ಕಾಯಿಲೆಯಲ್ಲೋ ಒಂದು ಕಣ್ಣು ಕಳೆದುಕೊಂಡವರು ಅವನ ಕಿಟಕಿಯ ಬೆಳಕಿನಲ್ಲಿ ಬಂದು ಕೂರುತ್ತಾರೆ; ಉಳಿದ ಕಣ್ಣನ್ನು ನೋಡಿ ನೋಡಿ ಅವನು ಕೃತಕ ಕಣ್ಣಿನ ಮೇಲೆ ಅದರ ಜೋಡಿ ಬರೆಯುತ್ತಾನೆ. ಕಂದು ಎಂದರೆ ಬರಿ ಕಂದಲ್ಲ; ಒಳಗೆ ಜೇನುಬಣ್ಣದ ಒಂದು ಬಳೆ, ಅಂಚಿಗೆ ಬೂದಿಬಣ್ಣದ ಎಳೆ, ಬಿಳಿಯ ಮೇಲೆ ರೇಷ್ಮೆ ನೂಲಿಗಿಂತ ಸಣ್ಣ ಕೆಂಪು ನರ. ಯಾರಿಗೆ ಯಾವ ಬಣ್ಣ ಎಷ್ಟು, ಯಾವುದರ ಮೇಲೆ ಯಾವುದು ಎಂಬುದೆಲ್ಲ, ಫೋಟೊ ಸಮೇತ, ಅವನ ಕೆಲಸದ ಮನೆಯ ಮೆಟ್ಟಿಲ ಕೆಳಗಿನ ಹಳೆಯ ಸರ್ವರಿನ ಡೇಟಾಬೇಸಿನಲ್ಲಿತ್ತು. ಮಕ್ಕಳು ಬೆಳೆದಂತೆ ಹಳೆಯ ಕಣ್ಣು ಚಿಕ್ಕದಾಗುತ್ತದೆ, ದೊಡ್ಡವರದ್ದು ಸವೆಯುತ್ತದೆ. ಮತ್ತೆ ಬಂದಾಗ ಆ ದಾಖಲೆ ನೋಡಿಯೇ ಹೊಸದು ಮಾಡಬೇಕು. ಸೋಮವಾರ ಬರಲಿದ್ದ ಶಾಲೆಯ ಹುಡುಗಿಯ ಕಣ್ಣೂ ಅದರಲ್ಲೇ ಇತ್ತು.

ಆ ಸರ್ವರಿಗೆ ಮನೆಮಂದಿಯೆಲ್ಲ ಅಜ್ಜ ಎನ್ನುತ್ತಿದ್ದರು. ಕೆಮ್ಮುತ್ತಿತ್ತು, ಮೈ ಬಿಸಿಯಾಗುತ್ತಿತ್ತು, ಹೊಸದೇನು ಕೊಟ್ಟರೂ ಬಾಯಿಗೆ ಹಾಕಿಕೊಳ್ಳುತ್ತಿರಲಿಲ್ಲ. ಇಂದೋ ನಾಳೆಯೋ ಎಂಬಂತಿದ್ದುದರಿಂದ ಗಡಿಬಿಡಿ ದಿನಾ ಸಂಜೆ ಡೇಟಾಬೇಸಿನ ಒಂದು ನಕಲನ್ನು ಕ್ಲೌಡಿಗೆ ಕಳಿಸತೊಡಗಿದ್ದಳು. ಮೊದಲ ದಿನವೇ ಚಿಕ್ಕಪ್ಪ ಉರಿದುಬಿದ್ದಿದ್ದ.

"ಎಲ್ಲೋ ಇರೋ ಯಾರದೋ ಕಂಪ್ಯೂಟರ್‌ಗೆ ನನ್ನ ಜನರ ಮುಖ ಕಳಿಸ್ತೀಯೇನೇ?"

ಅವನದೊಂದು ಕಟ್ಟುನಿಟ್ಟು. ಕಣ್ಣು ತೆಗೆದ ಮುಖವನ್ನು ಹೊರಗಿನವರು ನೋಡಕೂಡದು. ಹೊಸ ಕಣ್ಣು ಕೂರಿಸುವವರೆಗೆ ಕೋಣೆಯ ಕನ್ನಡಿಗೂ ಬಟ್ಟೆ ಹೊದಿಸುತ್ತಾನೆ. ಅದಕ್ಕೆ ತಕ್ಕಂತೆ ಅವಳು ಪ್ರತಿ ಬ್ಯಾಕಪ್ಪಿಗೂ ಬೀಗ ಹಾಕಿಯೇ ಕಳಿಸಿದಳು. ಕೀಲಿಯಿಲ್ಲದವರಿಗೆ ಅದು ಬರೀ ಕಸ. "ಯಾರಪ್ಪ ಬಂದ್ರೂ ತೆಗೆಯೋಕಾಗಲ್ಲ ಚಿಕ್ಕಪ್ಪ" ಎಂದು ಜಂಬ ಬೇರೆ ಕೊಚ್ಚಿದ್ದಳು. ದಿನಾ ಸಂಜೆ ಪರದೆಯ ಮೇಲೆ ಹಸಿರು ಗುರುತು ಮೂಡುತ್ತಿತ್ತು. ಅದನ್ನು ನೋಡಿ ನಿಶ್ಚಿಂತೆಯಿಂದ ಮನೆಗೆ ಹೋಗುತ್ತಿದ್ದಳು.

ಹೋದ ವಾರ ತಾನಾಗಿಯೇ ಹೇಳಿದ್ದಳು: "ಎಲ್ಲಾ ಕ್ಲೌಡಲ್ಲಿ ಭದ್ರವಾಗಿದೆ. ಇನ್ನು ಅಜ್ಜನ್ನ ಗುಜರಿಗೆ ಕಳಿಸ್ಬಿಡೋಣ."

"ಡಿಸ್ಕ್‌ಗಳನ್ನ ಹಾಗೇ ಕೊಡಲ್ಲ," ಎಂದಿದ್ದ ಚಿಕ್ಕಪ್ಪ. "ನಾನೇ ಡ್ರಿಲ್ ಹಿಡ್ದು ತೂತು ಹೊಡೀತೀನಿ. ಆಮೇಲೆ ಎಲ್ಲಿಗಾದ್ರೂ ಹೋಗ್ಲಿ."

ಗುಜರಿಯವನು ಬರುವುದು ಇವತ್ತು ಮಧ್ಯಾಹ್ನ.

ಕ್ಲೌಡಿನಲ್ಲೇ ಒಂದು ಖಾಲಿ ಯಂತ್ರವನ್ನು ಬಾಡಿಗೆಗೆ ಹಿಡಿದು, ನಿನ್ನೆಯ ಬ್ಯಾಕಪ್ಪನ್ನು ಅದರ ಮೇಲೆ ಇಳಿಸಲು ಹೇಳಿದಳು. ಕೆಂಪು ಸಾಲೊಂದು ಬಂತು: ಈ ಬೀಗದ ಕೀಲಿ ಇಲ್ಲಿಲ್ಲ. ಮೊನ್ನೆಯದನ್ನು ನೋಡಿದಳು. ಅದೇ ಸಾಲು. ಹೋದ ತಿಂಗಳದ್ದು. ಅದೇ ಸಾಲು. ಆಗ ನೆನಪಾಯಿತು. ಬೀಗ ಹಾಕುವ ಏರ್ಪಾಡು ಮಾಡಿದ ದಿನ ಕೀಲಿಯನ್ನು ಹುಟ್ಟಿಸಿದ್ದು ಅಜ್ಜನೇ, ಇಟ್ಟುಕೊಂಡದ್ದೂ ತನ್ನ ಹೊಟ್ಟೆಯಲ್ಲೇ. "ಇದರ ನಕಲನ್ನು ಬೇರೆ ಕಡೆ ಇಡಿ" ಎಂದು ಎಚ್ಚರಿಸಿತ್ತು ಕೂಡ. ಇವಳು ಗಡಿಬಿಡಿಯಲ್ಲಿ "ಆಮೇಲೆ" ಒತ್ತಿದ್ದಳು. ಎಂಥ ಜಾಣತನ! ಕೀಲಿಯನ್ನು ಒಳಗೇ ಬಿಟ್ಟು ಬಾಗಿಲು ಎಳೆದುಕೊಂಡು, ಬೀಗ ಬಹಳ ಗಟ್ಟಿ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿದ ಹಾಗಾಯಿತು.

"ಯಾಕೆ ಹಂಗೆ ಬೆವರ್ತೀಯ? ಮಂಡಿ ನೋವು ನಂಗೋ ನಿಂಗೋ?" ಎಂದಳು ಅಮ್ಮ.

"ಅಮ್ಮ, ನೀನೊಬ್ಳೇ ಡಾಕ್ಟರ ಹತ್ರ ಹೋಗ್ತೀಯಾ? ಚಿಕ್ಕಪ್ಪ ಅಜ್ಜನ್ನ ಕೊಂದ್ಬಿಡ್ತಾನೆ!"

ಪಕ್ಕದ ಕುರ್ಚಿಯ ಹೆಂಗಸು ಬೆಚ್ಚಿ ತನ್ನ ಚೀಲವನ್ನು ಎದೆಗವಚಿಕೊಂಡಳು. ಗಡಿಬಿಡಿ ಆಗಲೇ ಬೀದಿಯಲ್ಲಿದ್ದಳು.

ಫೋನ್ ಮಾಡಿದಳು. ಹೊಡೆದುಕೊಂಡೇ ಇತ್ತು. ಕೆಲಸಕ್ಕೆ ಕೂತರೆ ಚಿಕ್ಕಪ್ಪ ಫೋನನ್ನು ಡ್ರಾಯರಿನಲ್ಲಿ ಹಾಕಿ ಮುಚ್ಚುತ್ತಾನೆ. ಬಸ್ಸು ಹತ್ತಿದಳು, ಅದು ಸಿಗ್ನಲ್ಲಿನಲ್ಲಿ ಬೇರು ಬಿಟ್ಟು ನಿಂತಿತು. ಇಳಿದು ಓಡಿದಳು. ಔಷಧಿ ಅಂಗಡಿಯ ಮುಂದೆ ಇಬ್ಬರು ಬೀರು ಹೊತ್ತು ದಾರಿಗಡ್ಡ ನಿಂತು ಯಾವ ಕಡೆ ತಿರುಗಿಸಬೇಕೆಂದು ವಾದಿಸುತ್ತಿದ್ದರು; ಅದರ ಕೆಳಗೆ ನುಸುಳಿಯೇ ಹೋದಳು. ಡೇಟಾ ಹೋದರೆ ಏನು, ಅವರನ್ನೆಲ್ಲ ಮತ್ತೆ ಕರೆಸಿ ಕೂರಿಸಿದರಾಯಿತು ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡಳು. ಮನಸ್ಸು ಒಪ್ಪಲಿಲ್ಲ. ಈಚೆಗೆ ಚಿಕ್ಕಪ್ಪ ಹೊಸಬರನ್ನೇ ಒಪ್ಪಿಕೊಳ್ಳುತ್ತಿರಲಿಲ್ಲ. ಮುಂದಿನ ವಾರ, ಅದರ ಮುಂದಿನ ವಾರ ಎಂದು ದಾಟಿಸುತ್ತಿದ್ದ. ಚಹಾ ಕೊಟ್ಟರೆ ಅರ್ಧ ಲೋಟ ಸಾಕು ಎನ್ನುತ್ತಿದ್ದ. "ಕೈ ನೋವಾ?" ಎಂದು ಒಮ್ಮೆ ಕೇಳಿದ್ದಕ್ಕೆ "ನನ್ನ ಕೈಗೆ ಏನೂ ಆಗಿಲ್ಲ, ನಿನ್ನ ಕೆಲಸ ನೋಡ್ಕೋ" ಎಂದು ಗದರಿದ್ದ. ವಯಸ್ಸಾಯಿತು, ಸೋಮಾರಿಯಾಗಿದ್ದಾನೆ ಎಂದುಕೊಂಡು ಅವಳು ಅದನ್ನು ಅಲ್ಲಿಗೇ ಬಿಟ್ಟಿದ್ದಳು.

ಓಣಿಯ ತುದಿಗೆ ಬಂದಾಗ ಡ್ರಿಲ್ಲಿನ ಗಿರ್ರೆನ್ನುವ ಸದ್ದು ಕೇಳಿಸಿತು. ಬಾಗಿಲು ತಲುಪುವಷ್ಟರಲ್ಲಿ ನಿಂತೂ ಹೋಯಿತು.

"ನಿಲ್ಲಿಸು ಚಿಕ್ಕಪ್ಪ! ಕೀಲಿ ಅದರಲ್ಲೇ ಇದೆ!"

ಚಿಕ್ಕಪ್ಪ ತಿರುಗಿ ನೋಡಲಿಲ್ಲ. "ಎರಡೂ ಆಯ್ತು," ಎಂದ.

ಗಡಿಬಿಡಿ ಹೊಸಿಲ ಮೇಲೇ ಕುಸಿದಳು. ಏದುಸಿರು ಬಿಡುತ್ತಲೇ ಎಲ್ಲ ಹೇಳಿದಳು: ಬ್ಯಾಕಪ್ಪಿದೆ, ತೆರೆಯಲಾಗುವುದಿಲ್ಲ, ತಪ್ಪು ತನ್ನದೇ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಲು ಓಡಿಬಂದಂತೆ ಎನ್ನಿಸಿ ನಾಚಿಕೆಯಿಂದ ಅಳು ಬಂತು. ಅವಳ ಮಾತು ಮುಗಿಯುವವರೆಗೂ ಚಿಕ್ಕಪ್ಪ ಮೇಜಿನ ಮೇಲಿದ್ದ ಬಟ್ಟೆಯ ಗಂಟೊಂದನ್ನು ಅಂಗೈಯಲ್ಲಿ ಒತ್ತಿ ಹಿಡಿದಿದ್ದ. ಆಮೇಲೆ ಅದನ್ನು ಅವಳ ಕಡೆಗೆ ತಳ್ಳಿದ.

ಒಂದು ಡಿಸ್ಕು ಬರಿದೇ ಬಿದ್ದಿತ್ತು, ಅದರಲ್ಲಿ ಈ ಬದಿಯಿಂದ ಆ ಬದಿಗೆ ತೂತು. ಬಟ್ಟೆಯೊಳಗಿನ ಇನ್ನೊಂದರ ಮೈತುಂಬ ಗೀರು. ಮೂಲೆಯಿಂದ ಮೂಲೆಗೆ ಜಾರಿದ ಗೀರು, ಒಂದರ ಮೇಲೊಂದು, ಅಡ್ಡಾದಿಡ್ಡಿ. ತೂತು ಮಾತ್ರ ಒಂದೂ ಇರಲಿಲ್ಲ.

ಅವಳಿಗೆ ಹೋದ ಜೀವ ಬಂದಂತಾಯಿತು. ಒಂದರಲ್ಲಿ ಬರೆದದ್ದನ್ನೇ ಇನ್ನೊಂದರಲ್ಲೂ ಬರೆದಿಡುವುದು ಅಜ್ಜನ ಹಳೆಯ ಅಭ್ಯಾಸ. ಒಂದು ಉಳಿದರೂ ಸಾಕು. ಮೆಟ್ಟಿಲ ಕೆಳಗೆ ನುಗ್ಗಿ ಡಿಸ್ಕನ್ನು ಸಿಕ್ಕಿಸಿದಳು. ಅಜ್ಜ ಕೆಮ್ಮಿತು, ಜೊತೆಗಾರನಿಲ್ಲವೆಂದು ಕೀಕೀ ಎಂದು ಗೋಳಿಟ್ಟಿತು, ಕೊನೆಗೂ ಎದ್ದಿತು. ಕೀಲಿಯನ್ನು ಹೊರತೆಗೆದು ಎರಡು ಕಡೆ ಇಟ್ಟಳು. ಬಾಡಿಗೆ ಯಂತ್ರದಲ್ಲಿ ಬೀಗ ತೆರೆದು, ಕಣ್ಣಾರೆ ಕಂಡ ಮೇಲೆಯೇ ನಂಬಿದಳು: ಸೋಮವಾರದ ಹುಡುಗಿಯ ಕಣ್ಣು ಪರದೆಯ ತುಂಬ ಮೂಡಿತು, ಜೇನುಬಣ್ಣದ ಬಳೆ ಸಮೇತ.

"ಬಂತು ಚಿಕ್ಕಪ್ಪ! ಎಲ್ಲಾ ಬಂತು!"

ತಿರುಗಿದಳು. ಕಿಟಕಿಯ ಬಳಿ ಕೂತಿದ್ದ ಚಿಕ್ಕಪ್ಪ ಬಲಗೈಯನ್ನು ಎಡಗೈಯಿಂದ ಒತ್ತಿ ಹಿಡಿದಿದ್ದ. ಒತ್ತಿ ಹಿಡಿದರೂ ಅದು ನಡುಗುತ್ತಿತ್ತು. ಆಗ ಆ ಗೀರುಗಳು ಅವಳಿಗೆ ಅರ್ಥವಾದವು. ರೇಷ್ಮೆ ನೂಲಿಗಿಂತ ಸಣ್ಣ ನರ ಬರೆಯುತ್ತಿದ್ದ ಕೈಗೆ ಅಂಗೈಯಗಲದ ಎರಡನೆಯ ಡಿಸ್ಕಿನ ಮೇಲೆ ಡ್ರಿಲ್ಲನ್ನು ಅಲುಗದಂತೆ ಹಿಡಿಯಲಾಗಿರಲಿಲ್ಲ. ಎರಡೂ ಆಯ್ತು ಎಂದದ್ದು ಅದನ್ನು ಮುಚ್ಚಿಕೊಳ್ಳಲು. ಅವಳ ಸಂತೋಷವೆಲ್ಲ ಒಂದೇ ಸಲಕ್ಕೆ ಇಳಿದುಹೋಯಿತು.

"ಎಲ್ಲಾ ಭದ್ರವಾಗಿದೆ ಅಂದಿದ್ಯಲ್ಲೇ ನೀನು?" ಎಂದ ಚಿಕ್ಕಪ್ಪ, ಬಯ್ಯುವ ದನಿಯಲ್ಲಲ್ಲ.

"ಕೈಗೆ ಏನೂ ಆಗಿಲ್ಲ ಅಂದಿದ್ಯಲ್ಲ ನೀನು?"

ಹೊರಗೆ ಗುಜರಿಯವನು ಹಾರ್ನ್ ಹೊಡೆದ. ಇಬ್ಬರೂ ಏಳಲಿಲ್ಲ.

"ಯಾವಾಗಿಂದ?"

"ಬೇಸಿಗೆಯಿಂದ. ಬಣ್ಣ ಕಣ್ಣಿಗೆ ಕಾಣುತ್ತೆ, ಕುಂಚ ಹೋಗೋದೇ ಬೇರೆ ಕಡೆ."

"ಮತ್ತೆ ಆ ಹುಡುಗಿಗೆ?"

ಚಿಕ್ಕಪ್ಪ ಎದ್ದು ತನ್ನ ಕುರ್ಚಿಯನ್ನು ಕಿಟಕಿಯ ಬೆಳಕಿಗೆ ಸರಿಸಿ, ಎಲ್ಲಕ್ಕಿಂತ ಸಣ್ಣ ಕುಂಚವನ್ನು ಅದರ ಮುಂದಿಟ್ಟ. "ಕೂತ್ಕೋ. ನಾನು ನೋಡ್ತೀನಿ, ನೀನು ಬರಿ."

"ನಂಗೆಲ್ಲಿ ಬರುತ್ತೆ ಚಿಕ್ಕಪ್ಪ?"

"ಬರಲ್ಲ. ಅದಕ್ಕೇ ಆಮೇಲೆ ಅನ್ನೋ ಹಾಗಿಲ್ಲ."

ಅವಳು ಕೂತಳು. ಮೊದಲ ನರ ಹಗ್ಗದಷ್ಟು ದಪ್ಪ ಬಂತು. ಚಿಕ್ಕಪ್ಪ ಒರೆಸಿ "ಮತ್ತೆ" ಎಂದ. ಎರಡನೆಯದು ಸೊಟ್ಟಗಾಯಿತು. "ಮತ್ತೆ." ಡ್ರಾಯರಿನೊಳಗೆ ಚಿಕ್ಕಪ್ಪನ ಫೋನು ಅಮ್ಮನ ಕರೆಗೆ ಹೊಡೆದುಕೊಂಡು ಸುಮ್ಮನಾಯಿತು. ಕಿಟಕಿಯ ಬೆಳಕು ಹೋಗುವವರೆಗೂ ಗಡಿಬಿಡಿಯ ಕಾಲು ಒಮ್ಮೆಯೂ ಕುಣಿಯಲಿಲ್ಲ.